ಅಲ್ಪಾಕಾ ತಗೊಳ್ಳೋರೇ, ಮೊದ್ಲು ಇಂಜೆಕ್ಷನ್ ಬುಕ್ ತೋರಿಸಿ ಅನ್ನಿ

ಒಹಾಯೋ, ಪೆನ್ಸಿಲ್ವೇನಿಯಾ, ಮಿಶಿಗನ್ ಕಡೆ ಸಿಟಿ ಹೊರಗೆ ನಾಲ್ಕೈದು ಎಕರೆ ಇರೋ ಮನೆ ತಗೊಂಡು ಅಲ್ಪಾಕಾ (ಉಣ್ಣೆಗೆ ಸಾಕೋ, ಒಂಟೆ ಜಾತಿಯ ಪ್ರಾಣಿ) ಸಾಕೋ ಯೋಚ್ನೇಲಿ ಇರೋ ನಮ್ಮವ್ರು ಯಾರಾದ್ರೂ ಇದ್ರೆ ಅಡ್ವಾನ್ಸ್ ಕೊಡೋಕೆ ಮುಂಚೆ ಇದನ್ನ ಓದಿ. ನಮಗೆ ಮಾರಿದ ಫಾರ್ಮ್ ಹೆಸರು ಹಾಕಲ್ಲ, ಜಗಳ ಇನ್ನೂ ನಡೀತಿದೆ.

ಮಾರೋವಾಗ ಅವ್ರು ಹೇಳಿದ್ದು ಇಷ್ಟು: ಎಕರೆಗೆ ಐದಾರು ಆರಾಮಾಗಿ ಇರ್ತವೆ, ಹುಲ್ಲು ಮತ್ತೆ ಒಣಹುಲ್ಲು ಸಾಕು, ವರ್ಷಕ್ಕೊಂದ್ಸಲ ಬೇಸಿಗೆಗೆ ಮುಂಚೆ ಉಣ್ಣೆ ಕತ್ತರಿಸ್ಬೇಕು, ಆಗಾಗ ಉಗುರು ಕತ್ತರಿಸ್ಬೇಕು, ಒಂದನ್ನೇ ತಗೊಂಡ್ರೆ ಕೊರಗಿ ಸಾಯತ್ತೆ ಅದಕ್ಕೆ ಕನಿಷ್ಠ ಮೂರು ತಗೊಳ್ಳಿ. ಇದ್ರಲ್ಲಿ ಹೆಚ್ಚಿನದು ನಿಜವೇ. ಆದ್ರೆ ಎಂಥ ಎಕರೆ ಅನ್ನೋದೇ ಇಲ್ಲಿ ಮುಖ್ಯ, ಅದನ್ನ ಅವ್ರು ಬಾಯೇ ಬಿಡಲಿಲ್ಲ.

ವಿಷಯ ಏನಂದ್ರೆ, ಅಮೆರಿಕದ ಪೂರ್ವ ಭಾಗದಲ್ಲಿ ಬಿಳಿ ಬಾಲದ ಜಿಂಕೆ ಎಲ್ಲಾ ಕಡೆ ಇದಾವೆ, ಅವುಗಳ ಮೆದುಳಿನ ಪೊರೆಯಲ್ಲಿ ಒಂದು ಹುಳ ಇರತ್ತೆ, ಜಿಂಕೆಗೆ ಅದ್ರಿಂದ ಏನೂ ಆಗಲ್ಲ. ಜಿಂಕೆ ಹಿಕ್ಕೆಯಿಂದ ಅದ್ರ ಮರಿಹುಳ ಬಸವನಹುಳಕ್ಕೋ ಸ್ಲಗ್‌ಗೋ (ಚಿಪ್ಪಿಲ್ಲದ ಬಸವನಹುಳ) ಸೇರತ್ತೆ, ಹುಲ್ಲಿನ ಜೊತೆ ಉಗುರಿಗಿಂತ ಚಿಕ್ಕ ಸ್ಲಗ್ ಒಂದನ್ನ ಅಲ್ಪಾಕಾ ತಿಂದ್ರೆ ಮುಗೀತು, ಆ ಹುಳ ಸೀದಾ ಬೆನ್ನುಹುರಿಗೆ ಹೋಗಿ ದಾರಿ ತಪ್ಪಿದವನ ಥರ ಅಲ್ಲೇ ಓಡಾಡ್ತಾ ನರ ಹಾಳು ಮಾಡತ್ತೆ. ತಗ್ಗು ಜಾಗ, ನೀರು ನಿಲ್ಲೋ ಮೂಲೆ, ಕಾಡಿನಂಚು, ಕೊಳೆತ ಎಲೆ ರಾಶಿ ಇದ್ರೆ ಸ್ಲಗ್ ಜಾಸ್ತಿ. ಇದಕ್ಕೆ ಲಸಿಕೆ ಇಲ್ಲ. ಅದಕ್ಕೇ ಇಲ್ಲಿ ಸಾಕೋರು ಹೆಚ್ಚಿನವರು ತಿಂಗಳಿಗೊಂದ್ಸಲ ಐವರ್ಮೆಕ್ಟಿನ್ ಅನ್ನೋ ಹುಳ ಸಾಯಿಸೋ ಇಂಜೆಕ್ಷನ್ ಕೊಡ್ತಾರೆ.

ನಾನು ಇದನ್ನ ಓದ್ಕೊಂಡೇ ಹೋಗಿದ್ದೆ, ನೇರವಾಗಿ ಕೇಳ್ದೆ ಕೂಡ. "ಎಲ್ಲಾ ಶಾಟ್ಸೂ ಅಪ್ ಟು ಡೇಟ್" ಅಂದ್ರು. ಮೂರನ್ನ ಮನೆಗೆ ತಂದು ಎರಡು ವಾರನೂ ಆಗಿರ್ಲಿಲ್ಲ, ಅದ್ರಲ್ಲಿ ಕಂದು ಬಣ್ಣದ ಗಂಡು ತಿರುಗೋವಾಗ ಹಿಂದಿನ ಎಡಗಾಲು ಎಳೀತಿತ್ತು, ಎದ್ದು ನಿಲ್ಲೋಕೆ ಮುಂಗಾಲಲ್ಲೇ ತಿಣುಕ್ತಿತ್ತು. ಫೋನ್ ಮಾಡಿದ್ರೆ ಟ್ರೇಲರ್‌ನಲ್ಲಿ ಬಂದು ಕಾಲು ಹಿಡ್ಕೊಂಡಿರತ್ತೆ ಬಿಡಿ ಅಂದ್ರು. ವೆಟ್ (ಪಶುವೈದ್ಯರು) ಬಂದು ದಾಖಲೆ ತೋರಿಸಿ ಅಂದಾಗ ಫಾರ್ಮ್‌ನವರು ಕಳಿಸಿದ ಕಾಗದದಲ್ಲಿ ಇದ್ದಿದ್ದು ಧನುರ್ವಾಯು ಲಸಿಕೆ ಒಂದೇ! ಹುಳ ಹೊಟ್ಟೆಗೆ ಹೋಗಿ ಲಕ್ಷಣ ಕಾಣೋಕೆ ಸುಮಾರು ಆರೇಳು ವಾರ ಬೇಕು, ಅಂದ್ರೆ ಅಂಟಿದ್ದು ಅವರ ಜಾಗದಲ್ಲೇ. ಅವ್ರು ಮಾತ್ರ ನಿಮ್ಮ ಹಿಂದಿನ ಕಾಡಿಂದ ಬಂತು ಅಂತಲೇ ವಾದ ಮಾಡ್ತಿದಾರೆ.

ಐದು ದಿನ ಜಂತುಹುಳದ ಔಷಧಿ, ಊತ ಇಳಿಯೋಕೆ ಇಂಜೆಕ್ಷನ್, ರಾತ್ರಿಯೆಲ್ಲಾ ಮಗ್ಗಲು ಬದಲಾಯ್ಸಿ ಅದರ ಎದೆ ನೆಲಕ್ಕೆ ಊರಿ ಕೂರಿಸೋದು, ಅದರ ಎರಡೂ ಪಕ್ಕಕ್ಕೆ ಒಣಹುಲ್ಲಿನ ಬೇಲ್ ಆನಿಸೋದು. ಉಳೀತು, ಆದ್ರೆ ಹೆಜ್ಜೆ ಈಗ್ಲೂ ನೆಟ್ಟಗಿಲ್ಲ, ಹೋದ ನರ ಬರಲ್ಲ. ಮೈ ಮುಟ್ಟಿದಾಗ ಇನ್ನೊಂದು ಗೊತ್ತಾಯ್ತು, ಅಷ್ಟು ದಪ್ಪ ಉಣ್ಣೆ ಕೆಳಗೆ ಬೆನ್ನುಮೂಳೆ ಚೂಪಾಗಿ ಕೈಗೆ ಸಿಗ್ತಿತ್ತು, ಅಷ್ಟು ಬಡಕಲು. ಇದು ಉಳಿದ ಎರಡಕ್ಕೂ ಅಷ್ಟೇ. ನೋಡೋಕೆ ದುಂಡಗಿದೆ ಅಂತ ಯಾರೂ ನಂಬಬೇಡಿ, ಕೈ ಹಾಕಿ ನೋಡಿ.

ದುಡ್ಡು ವಾಪಸ್ ಕೇಳಿದ್ರೆ ಬದಲಿಗೆ ಒಂದು ಗಂಡು ಮರಿ ಕೊಡ್ತೀವಿ ಅಂದ್ರು, ಬಾಟಲಿ ಹಾಲಲ್ಲಿ ಬೆಳೆಸಿದ್ದು, ನಾಯಿಮರಿ ಥರ ಹಿಂದೆ ಹಿಂದೆ ಬರತ್ತೆ, ಮಕ್ಕಳಿಗೆ ಚೆನ್ನಾಗಿರತ್ತೆ ಅಂತ. ಮಕ್ಕಳು ಕುಣಿದ್ರು. ನಮ್ಮ ವೆಟ್ ಬೇಡವೇ ಬೇಡ ಅಂದ್ರು: ಮನುಷ್ಯರ ಜೊತೆಗೇ ಬೆಳೆದ ಗಂಡು ಮರಿ ನಮ್ಮನ್ನೇ ತನ್ನ ಜಾತಿ ಅನ್ಕೊಳ್ಳತ್ತೆ, ದೊಡ್ಡದಾದ್ಮೇಲೆ ಇನ್ನೊಂದು ಗಂಡಿನ ಮೇಲೆ ಎಗರೋ ಥರ ನಮ್ಮ ಮೇಲೆ ಎಗರತ್ತೆ, ಎದೆಯಿಂದ ಗುದ್ದತ್ತೆ, ಕಚ್ಚತ್ತೆ. ಅರವತ್ತು ಎಪ್ಪತ್ತು ಕೆಜಿ ಪ್ರಾಣಿ ಅದು. ಮುದ್ದಾಗಿ ಮೈಮೇಲೆ ಬೀಳೋ ಗಂಡು ಮರಿನ ಯಾರಾದ್ರೂ ಪ್ಲಸ್ ಪಾಯಿಂಟ್ ಥರ ಮಾರ್ತಿದ್ರೆ ಅಲ್ಲಿಂದ ಗಾಡಿ ತಿರುಗಿಸಿ.

ಈಗ ನಾವು ಕೆಳಗಿನ ತೇವದ ಜಾಗ ಪೂರ್ತಿ ಬಿಟ್ಟು ಮೇಲಿನ ಒಣ ಭಾಗಕ್ಕೆ ಮಾತ್ರ ಬೇಲಿ ಹಾಕ್ಸಿದೀವಿ, ಐದು ಅಡಿ ನೇಯ್ದ ತಂತಿ, ಮುಳ್ಳುತಂತಿ ಇಲ್ಲ, ಅದು ಉಣ್ಣೆಗೂ ಚರ್ಮಕ್ಕೂ ಸಿಕ್ಕೊಳ್ಳತ್ತೆ. ಇಷ್ಟೇ ಎತ್ತರ ನಾಯಿಗೆ ಸಾಕು, ಜಿಂಕೆಗೆ ಲೆಕ್ಕವೇ ಇಲ್ಲ, ಅದಕ್ಕೆ ಎಂಟಡಿ ಬೇಕು, ಆ ಖರ್ಚು ಕೇಳಿ ನಮ್ಮನೆಯವರು ಮಾತೇ ಆಡಲಿಲ್ಲ. ಅದಕ್ಕೆ ಬೇಲಿ ಪಕ್ಕ ಜಲ್ಲಿ ಹಾಕಿ ಹುಲ್ಲು ಗಿಡ್ಡ ಇಡ್ತೀವಿ, ಸ್ಲಗ್ ತಿನ್ನೋಕೆ ಬಾತುಕೋಳಿ ಬಿಟ್ಟಿದೀವಿ, ತಿಂಗಳ ಇಂಜೆಕ್ಷನ್ ತಪ್ಪಿಸಲ್ಲ. ಒಂದೇ ಔಷಧಿ ಹಿಂಗೇ ಕೊಡ್ತಾ ಹೋದ್ರೆ ಹೊಟ್ಟೆ ಹುಳ ಅದಕ್ಕೆ ಬಗ್ಗಲ್ಲ ಅನ್ನೋದೂ ಇದೆ, ಹಾಗಾಗಿ ಹಿಕ್ಕೆ ಟೆಸ್ಟ್ ಮಾಡಿಸ್ತಾ ಇರ್ಬೇಕು, ಕಣ್ಣುರೆಪ್ಪೆ ಒಳಗೆ ಬಿಳಿಚಿಕೊಂಡಿದ್ಯಾ (ರಕ್ತ ಕಮ್ಮಿಯಾದ ಗುರುತು) ಅಂತಲೂ ನೋಡ್ಬೇಕು.

ಕೊಳ್ಳೋ ಮುಂಚೆ ನಿಮ್ಮದೇ ವೆಟ್ ಕರ್ಕೊಂಡು ಹೋಗಿ, ಮಾರೋರ ವೆಟ್ ಅಲ್ಲ. ಪ್ರಾಣಿನ ಸಣ್ಣ ವೃತ್ತದಲ್ಲಿ ಎರಡೂ ಕಡೆಗೆ ನಡೆಸಿ ಹಿಂಗಾಲು ನೋಡಿ. ಔಷಧಿ ಹೆಸರು, ತಾರೀಖು, ಡೋಸ್ ಬರೆದಿರೋ ಬುಕ್ ಕೇಳಿ, ಖಾಯಿಲೆ ಬಂದ್ರೆ ಯಾರು ದುಡ್ಡು ಕೊಡೋದು ಅಂತ ಕಾಂಟ್ರಾಕ್ಟಲ್ಲಿ ಬರೆಸಿ. ಮನೆಗೆ ತಂದ್ಮೇಲೆ ಕಾಲು ಎಳೆದಂಗೆ ಅನ್ಸಿದ್ರೆ ಸೋಮವಾರ ನೋಡೋಣ ಅನ್ಬೇಡಿ, ಅವತ್ತೇ ವೆಟ್‌ಗೆ ಫೋನ್ ಮಾಡಿ.