ಕಾರಾಗೃಹದೊಳಗಿನ ಕೋವಿಡ್ ಲಸಿಕೆ: ತಮ್ಮನಿಗೆ ಸಿಕ್ಕ ಸೇವೆ ಹೇಗಿತ್ತು

2021ರ ಜೂನ್‌ನಲ್ಲಿ ನನ್ನ ತಮ್ಮ ವಿಚಾರಣಾಧೀನ ಕೈದಿಯಾಗಿ ಮೈಸೂರು ಕಡೆಯ ಒಂದು ಕಾರಾಗೃಹದಲ್ಲಿದ್ದ. ಕೈದಿಗಳ ಭೇಟಿ ನಿಂತುಹೋಗಿತ್ತು. ಮಂಡ್ಯದ ನನ್ನ ಹೊಲಿಗೆ ಅಂಗಡಿಯಲ್ಲಿ, ಅವನ ಫೋನು ಬರುವ ಹೊತ್ತಿಗೆ ಯಂತ್ರ ನಿಲ್ಲಿಸಿ ಕಾಯುತ್ತಿದ್ದೆ. ಒಂದು ದಿನ, "ಅಕ್ಕ, ಇವತ್ತು ಲಸಿಕೆ ಹಾಕಿದರು. ಎಡ ತೋಳು ಸ್ವಲ್ಪ ಭಾರ, ಅಷ್ಟೇ" ಎಂದ. ಒತ್ತೊತ್ತಾಗಿ ಮಲಗುವ ಬ್ಯಾರಕಿನಲ್ಲಿ ಅಂತರ ಕಾಯಿರಿ ಎಂದರೆ ಯಾರು ಎಲ್ಲಿಗೆ ಸರಿಯಬೇಕು? ಅಂದು ರಾತ್ರಿ ನನಗೆ ನಿದ್ದೆ ಹತ್ತಿತು.

ಅವನ ಆಧಾರ್ ಕಾರ್ಡ್ ಮನೆಯ ಟ್ರಂಕಿನಲ್ಲೇ ಇತ್ತು. ಆದರೂ ಲಸಿಕೆ ತಪ್ಪಲಿಲ್ಲ. ಗುರುತಿನ ಚೀಟಿ ಇಲ್ಲದ ಕೈದಿಗಳು, ಅಲೆಮಾರಿಗಳು, ವೃದ್ಧಾಶ್ರಮದವರಿಗೂ ಲಸಿಕೆ ಹಾಕಲು ಕೇಂದ್ರ ಆರೋಗ್ಯ ಸಚಿವಾಲಯ ಆ ಮೇ ತಿಂಗಳಲ್ಲೇ ದಾರಿ ಮಾಡಿತ್ತು. ಅವರ ಪರವಾಗಿ ಒಬ್ಬ ಜವಾಬ್ದಾರಿ ವ್ಯಕ್ತಿ ತನ್ನ ಮೊಬೈಲ್ ಸಂಖ್ಯೆ ಕೊಟ್ಟು ಲಸಿಕೆ ನೋಂದಣಿಯ ಸರ್ಕಾರಿ ಜಾಲತಾಣ ಕೋವಿನ್‌ನಲ್ಲಿ ಹೆಸರು ಬರೆಸಬಹುದಿತ್ತು. ಬಹಳ ಒಳ್ಳೆಯ ಏರ್ಪಾಡು.

ತೊಡಕು ಶುರುವಾದದ್ದು ಆಗಸ್ಟ್‌ನಲ್ಲಿ ಜಾಮೀನು ಸಿಕ್ಕ ಮೇಲೆ. ಗೇಟಿನಲ್ಲಿ ಪುಸ್ತಕಕ್ಕೆ ಸಹಿ ಹಾಕಿಸಿಕೊಂಡು ಬೆಲ್ಟು, ಪರ್ಸು, ಅದರಲ್ಲಿದ್ದ ಎಪ್ಪತ್ತು ರೂಪಾಯಿ ಎಲ್ಲವನ್ನೂ ಹಿಂದಿರುಗಿಸಿದರು. ಲಸಿಕೆಯ ಬಗ್ಗೆ ಒಂದು ಚೀಟಿಯೂ ಇಲ್ಲ. ಕೋವಿಶೀಲ್ಡ್ ಲಸಿಕೆಯ ಎರಡು ಡೋಸ್‌ಗಳ ನಡುವೆ ಆಗ 84 ದಿನಗಳ ಅಂತರ. ಸೆಪ್ಟೆಂಬರ್‌ನಲ್ಲಿ ಆರೋಗ್ಯ ಕೇಂದ್ರವೊಂದರ ಸರದಿಯಲ್ಲಿ ನಿಂತು ಕಿಟಕಿ ಮುಟ್ಟಿದರೆ, ಮೊದಲ ಡೋಸಿಗೆ ಕೊಟ್ಟ ಮೊಬೈಲ್ ಸಂಖ್ಯೆ ಕೇಳಿದರು. ಹಿಂದೆ ಅಷ್ಟು ಜನ ನಿಂತಿರುವಾಗ "ಜೈಲಿನಲ್ಲಿ ಹಾಕಿಸಿದ್ದು" ಎಂದು ನಾನೇ ಬಾಯಿ ಬಿಟ್ಟು ಹೇಳಬೇಕಾಯಿತು. ತಮ್ಮ ತನ್ನ ಶರ್ಟಿನ ತೋಳಿನ ಗುಂಡಿಯನ್ನು ಹಾಕುತ್ತ, ಬಿಚ್ಚುತ್ತ ನಿಂತ. ಅವನ ಮೇಲಿನ ಆರೋಪ ಇನ್ನೂ ಸಾಬೀತಾಗಿರಲಿಲ್ಲ.

ಇದನ್ನೇ ಮೊದಲ ಡೋಸ್ ಎಂದು ಬರೆಸಿಬಿಡಿ ಎಂದರು ಕಿಟಕಿಯಲ್ಲಿದ್ದವರು. ನಾನು ಒಪ್ಪಲಿಲ್ಲ, ಹಾಕಿಸಿಕೊಂಡ ಲಸಿಕೆಯನ್ನು ಇಲ್ಲವೆನ್ನಲು ಮನಸ್ಸು ಬರಲಿಲ್ಲ. ಮೂರು ದಿನ ಕಾರಾಗೃಹಕ್ಕೆ ಫೋನು ಮಾಡಿದೆ. ಕೊನೆಗೆ, ನೋಂದಣಿಗೆ ತನ್ನ ಸಂಖ್ಯೆ ಕೊಟ್ಟಿದ್ದ ಅಲ್ಲಿನ ಸಿಬ್ಬಂದಿಯೊಬ್ಬರು ಮೊಬೈಲಿಗೆ ಬಂದ ಒಟಿಪಿಯನ್ನು ಒಂದೊಂದೇ ಅಂಕಿಯಾಗಿ ಓದಿ ಹೇಳಿದರು. ಆ ಪುಣ್ಯಾತ್ಮರ ಉಪಕಾರ ಮರೆಯಲಾರೆ.

ಲಸಿಕೆ ಹಾಕಿದ ಕೆಲಸಕ್ಕೆ ಐದಕ್ಕೆ ಐದು ಕೊಡುತ್ತೇನೆ, ದಾಖಲೆ ಕೊಟ್ಟ ಬಗೆಗೆ ಒಂದು. ಒಳಗಿರುವವರಿಗೆ ಯಾವುದೇ ಲಸಿಕೆ ಹಾಕಿದರೂ ಅದರ ಹೆಸರು, ದಿನಾಂಕ, ನೋಂದಣಿಯ ಮೊಬೈಲ್ ಸಂಖ್ಯೆ ಇರುವ ಚೀಟಿಯನ್ನು ಮನೆಯವರು ಬಿಡುಗಡೆಯ ದಿನವೇ ಕೇಳಿ ಪಡೆಯಿರಿ. ಬೆಲ್ಟು, ಪರ್ಸು ಬರೆಯುವ ಆ ಗೇಟಿನ ಪುಸ್ತಕದಲ್ಲಿ ಲಸಿಕೆಗೂ ಒಂದು ಸಾಲು ಇರಲಿ ಎಂದು ಇಲಾಖೆಯವರನ್ನು ಕೈಮುಗಿದು ಕೇಳುತ್ತೇನೆ.