ಬಿಗಿದ ಭುಜಕ್ಕೆ ಫಿಸಿಯೋಥೆರಪಿ: ದೊಡ್ಡ ಆಸ್ಪತ್ರೆಯೋ, ಬಡಾವಣೆಯ ಕ್ಲಿನಿಕ್ಕೋ?

ಫ್ರೋಜನ್ ಶೋಲ್ಡರ್‌ಗೆ, ಅಂದರೆ ಭುಜದ ಕೀಲು ಬಿಗಿದು ನೋಯುವ ತೊಂದರೆಗೆ, ದೊಡ್ಡ ಆಸ್ಪತ್ರೆಯ ಫಿಸಿಯೋಥೆರಪಿ ವಿಭಾಗ, ಮನೆಗೇ ಬರುವ ಫಿಸಿಯೋ, ಬಡಾವಣೆಯಲ್ಲಿ ಒಬ್ಬರೇ ನಡೆಸುವ ಕ್ಲಿನಿಕ್ಕು, ಮೂರನ್ನೂ ನೋಡಿದ ಮೇಲೆ ನನ್ನ ಮತ ಮೂರನೆಯದಕ್ಕೆ. ಮೊದಲ ದಿನ ಪರೀಕ್ಷಿಸಿದವರೇ ಅಲ್ಲಿ ಕೊನೆಯವರೆಗೂ ನೋಡುತ್ತಾರೆ.

ಮೊದಲ ಭೇಟಿಗೆ ಮುಕ್ಕಾಲು ಗಂಟೆಯಾದರೂ ಇಟ್ಟುಕೊಳ್ಳಿ. ನೋವಿರುವ ಮಗ್ಗುಲಿಗೆ ಮಲಗಿದರೆ ಎಚ್ಚರವಾಗುತ್ತದೆಯೇ, ಸಕ್ಕರೆ ಕಾಯಿಲೆ, ಥೈರಾಯ್ಡ್ ಇದೆಯೇ ಎಂದು ಕೇಳುತ್ತಾರೆ. ಇವಿದ್ದವರಲ್ಲಿ ಭುಜ ಬಿಗಿಯುವುದು ಹೆಚ್ಚು. ಆಮೇಲೆ ಕೀಲಿನ ಕೋನ ಅಳೆಯುವ ಗೋನಿಯೋಮೀಟರ್ ಇಟ್ಟು, ತೋಳು ಎಷ್ಟು ಡಿಗ್ರಿ ಮೇಲೇಳುತ್ತದೆ, ಮೊಣಕೈ ಪಕ್ಕೆಗೊತ್ತಿಕೊಂಡಾಗ ಮುಂಗೈ ಹೊರಕ್ಕೆ ಎಷ್ಟು ಹೊರಳುತ್ತದೆ ಎಂದು ಅಳೆದು ಬರೆದುಕೊಳ್ಳುತ್ತಾರೆ. ಫಿಸಿಯೋ ಹಿಡಿದು ತಿರುಗಿಸಿದರೂ ಕೈ ಹೊರಕ್ಕೆ ಹೊರಳದಿದ್ದರೆ ಕೀಲನ್ನು ಸುತ್ತಿದ ಚೀಲದಂಥ ಪೊರೆಯೇ ಬಿಗಿದಿರುವ ಸಂಭವ ಹೆಚ್ಚು. ಸಡಿಲವಾದ ತೋಳಿನ ಬಟ್ಟೆ ಹಾಕಿಕೊಂಡು, ಹಳೆಯ ಎಕ್ಸ್‌ರೇ ಜೊತೆಗೆ ಒಯ್ಯಿರಿ.

ಆಸ್ಪತ್ರೆಯಲ್ಲಿ ಯಂತ್ರಗಳಿಗೆ ಕೊರತೆಯಿಲ್ಲ. ತೊಡಕಿರುವುದು ಡ್ಯೂಟಿ ಬದಲಾವಣೆಯಲ್ಲಿ. ಇವತ್ತು ಒಬ್ಬರು, ನಾಳೆ ಇನ್ನೊಬ್ಬರು, ನಾಡಿದ್ದು ಇಂಟರ್ನ್. ಕಾರ್ಡಿನಲ್ಲಿ ‘ಐಎಫ್‌ಟಿ, ಅಲ್ಟ್ರಾಸೌಂಡ್, ಎಕ್ಸರ್‌ಸೈಜ್’ ಎಂದಷ್ಟೇ ಇರುತ್ತದೆ (ಐಎಫ್‌ಟಿ ಎಂದರೆ ನೋವು ತಗ್ಗಿಸಲು ಹಾಯಿಸುವ ಹಗುರ ವಿದ್ಯುತ್; ಅಲ್ಟ್ರಾಸೌಂಡ್ ಇಲ್ಲಿ ಸ್ಕ್ಯಾನ್ ಅಲ್ಲ, ಶಬ್ದತರಂಗದ ಚಿಕಿತ್ಸೆ). ಹಿಂದಿನ ಸಲ ತೋಳನ್ನು ಎಲ್ಲಿಯವರೆಗೆ ಎಳೆದರು, ಆ ನೋವು ಎಷ್ಟು ಹೊತ್ತು ಉಳಿಯಿತು ಎಂಬುದನ್ನು ಯಾರೂ ಬರೆದಿರುವುದಿಲ್ಲ. ಹಾಗಾಗಿ ಹೊಸಬರು ಹೆದರಿ ಮೆಲ್ಲಗೆ ಮುಟ್ಟಿ ಬಿಡುತ್ತಾರೆ, ಇಲ್ಲವೇ ಅಳತೆ ಮೀರಿ ಎಳೆಯುತ್ತಾರೆ.

ಅಳತೆ ಮೀರಿದರೆ ರಾತ್ರಿಯೆಲ್ಲ ಸೆಳೆತ. ಮಾರನೆಯ ದಿನ ಮುಟ್ಟಿದರೆ ಸಾಕು, ಸುತ್ತಲಿನ ಸ್ನಾಯುಗಳು ಸೆಟೆದುಕೊಳ್ಳುತ್ತವೆ. ಆ ಸಿಟ್ಟಿಂಗೂ ದಂಡ. ಎಳೆದ ನೋವು ಸ್ವಲ್ಪ ಹೊತ್ತಿನಲ್ಲಿ ಇಳಿಯಬೇಕು, ನಿದ್ದೆ ಕೆಡಿಸಿದರೆ ಮುಂದಿನ ಸಲ ಅಷ್ಟು ಎಳೆಯಬಾರದು. ಈ ಲೆಕ್ಕವನ್ನು ಇಡಬಲ್ಲವರು ಪ್ರತಿ ಸಲವೂ ಅದೇ ತೋಳನ್ನು ಹಿಡಿದವರು. ಆಸ್ಪತ್ರೆಯೇ ಗತಿ ಎನ್ನುವವರು ಒಂದು ನೋಟ್‌ಬುಕ್ಕಿನಲ್ಲಿ ಇದನ್ನೆಲ್ಲ ತಾವೇ ಬರೆದಿಟ್ಟು, ಬಂದವರಿಗೆ ಮೊದಲು ಅದನ್ನೇ ತೋರಿಸಲಿ.

ಆಸ್ಪತ್ರೆಯಲ್ಲಿ ಹೊತ್ತು ಕಳೆಯುವ ರೀತಿಯೂ ಬೇರೆ. ಐಎಫ್‌ಟಿಗೆ ಕಾಲು ಗಂಟೆ, ಅಲ್ಟ್ರಾಸೌಂಡ್‌ಗೆ ಐದಾರು ನಿಮಿಷ ಹೋದರೆ ಕೈಯಿಂದ ಕೀಲು ಸಡಿಲಿಸಲು ಉಳಿಯುವುದು ಅಷ್ಟಕ್ಕಷ್ಟೆ. ಯಂತ್ರ ನೋವನ್ನು ತುಸು ಹೊತ್ತು ತಗ್ಗಿಸೀತು, ಬಿಗಿತ ಬಿಡಿಸುವುದಿಲ್ಲ. ಅದಕ್ಕೆ ಕೈಚಿಕಿತ್ಸೆ ಬೇಕು, ಮನೆಯಲ್ಲಿ ದಿನವೂ ಲೋಲಕದ ವ್ಯಾಯಾಮ (ಮುಂದಕ್ಕೆ ಬಾಗಿ, ತೋಳು ಇಳಿಬಿಟ್ಟು ತೂಗಾಡಿಸುವುದು), ಗೋಡೆಯ ಮೇಲೆ ಬೆರಳು ಹತ್ತಿಸುವುದು, ಕೋಲು ಹಿಡಿದು ಕೈ ಹೊರಕ್ಕೆ ತಳ್ಳುವುದು ಬೇಕು.

ಮನೆಗೆ ಬರುವವರು ಪಾರ್ಶ್ವವಾಯುವಿನವರಿಗೆ, ಸೊಂಟ ಮುರಿದವರಿಗೆ ಸರಿ; ಭುಜಕ್ಕೆ ದುಬಾರಿ, ಮೆತ್ತನೆಯ ಹಾಸಿಗೆಯ ಮೇಲೆ ಹೆಗಲಮೂಳೆ ಹಿಡಿದು ನಿಲ್ಲಿಸುವುದೂ ಕಷ್ಟ. ಆಪರೇಷನ್ ಆದವರಿಗೆ, ಕೈ ಜೋಮು ಹಿಡಿದು ಬಲ ಕುಗ್ಗಿದವರಿಗೆ ಆಸ್ಪತ್ರೆಯೇ ಇರಲಿ. ಮೂಳೆ ಡಾಕ್ಟರು ಅಲ್ಲೇ ಸಿಗುತ್ತಾರೆ.

ಕ್ಲಿನಿಕ್ಕಿಗೆ ಕಾಲಿಟ್ಟ ಕೂಡಲೇ ಗೋಡೆ ನೋಡಿ: ಫಿಸಿಯೋಥೆರಪಿಯ ಬಿಪಿಟಿ ಪದವಿ, ಖಾಸಗಿ ಆಸ್ಪತ್ರೆ, ಕ್ಲಿನಿಕ್ಕುಗಳ ಕರ್ನಾಟಕದ ಕಾಯ್ದೆಯಾದ ಕೆಪಿಎಂಇ ಅಡಿಯ ನೋಂದಣಿ ಪತ್ರ ಇರಬೇಕು. ಪೇಸ್‌ಮೇಕರ್ ಇದ್ದರೆ, ಮೈಯಲ್ಲಿ ಲೋಹದ ರಾಡು, ಸ್ಕ್ರೂ ಇದ್ದರೆ ಯಾವ ಯಂತ್ರ ಹಚ್ಚುವ ಮೊದಲೂ ಹೇಳಿ. ಹತ್ತು ಸಿಟ್ಟಿಂಗಿನ ಪ್ಯಾಕೇಜಿಗೆ ಮುಂಗಡ ಬೇಡ. ನಾನು ಆಯಾ ದಿನದ್ದು ಆಯಾ ದಿನವೇ ಕೊಡುತ್ತೇನೆ. ವಾರಕ್ಕೆರಡು ಸಲ ಹೋಗಿ, ಉಳಿದ ದಿನ ಮನೆಯಲ್ಲೇ ಮಾಡುವುದು ನನ್ನ ಜೇಬಿಗೆ ಒಗ್ಗಿದ ಕ್ರಮ. ಐದಾರು ಸಿಟ್ಟಿಂಗಿಗೊಮ್ಮೆ ಗೋನಿಯೋಮೀಟರ್ ಇಟ್ಟು ಮತ್ತೆ ಅಳೆಯಲು ಕೇಳಿ, ಮೊದಲ ದಿನದ ಅಂಕಿಯ ಪಕ್ಕದಲ್ಲೇ ಬರೆಸಿಕೊಳ್ಳಿ.