ಉದ್ಯಮಬಾಗದ ಫೌಂಡ್ರಿಯಲ್ಲಿ ಇಂಟರ್ನ್‌ಶಿಪ್: ಸೆಕೆ ಜಾಸ್ತಿ, ಆದ್ರೂ ಹೋಗಿ

ವಿಟಿಯುನಲ್ಲಿ ಇಂಜಿನಿಯರಿಂಗ್ ಓದೋರಿಗೆ ಇಂಟರ್ನ್‌ಶಿಪ್ ಬಿಟ್ಟರೆ ಗತಿಯಿಲ್ಲ, ಅದಕ್ಕೆ ಬೆಳಗಾವಿ ಉದ್ಯಮಬಾಗದ ಒಂದು ಫೌಂಡ್ರಿ (ಲೋಹ ಕರಗಿಸಿ ಅಚ್ಚಿಗೆ ಹೊಯ್ಯೋ ಕಾರ್ಖಾನೆ) ಸೇರಿದೆ. ಮೊದಲು ಸುಮ್ನೆ ರಿಜಿಸ್ಟರ್ ಬರೆಸಿದರು, ಸ್ಟೈಪೆಂಡ್ ಅಂತೂ ಕೇಳಲೇಬೇಡಿ. ಆಮೇಲೆ ಮರಳಿನ ಅಚ್ಚು ಮಾಡೋ ಮೋಲ್ಡಿಂಗ್ ಕಡೆ ಹಾಕಿದರು ನೋಡಿ, ಅಲ್ಲಿಂದ ಮಜಾ. ಅಚ್ಚಿನ ಮರಳನ್ನು ಮುಷ್ಟಿಯಲ್ಲಿ ಹಿಂಡಿ, ಆ ಉಂಡೆ ಮುರಿದು ನೋಡಿ, ತೇವ ಸರಿ ಇದೆಯೋ ಇಲ್ಲವೋ ಅಂತ ಅಲ್ಲಿನ ಕಾಕಾ ಒಬ್ಬರು ಹೇಳಿಬಿಡುತ್ತಿದ್ದರು. ತೇವ ಜಾಸ್ತಿಯಾದರೆ ಕಾದ ಲೋಹ ತಾಗಿ ಹಬೆ ಎದ್ದು, ಎರಕದೊಳಗೆ ತೂತು ಉಳಿಯುತ್ತದೆ. ಪರೀಕ್ಷೆಗೆ ಬ್ಲೋ ಹೋಲ್ ಅಂತ ಬಾಯಿಪಾಠ ಮಾಡಿದ್ದು ಇದನ್ನೇ ಅಲ್ವಾ! ಈಗ ಕ್ಲಾಸಲ್ಲಿ ಎರಕದ ಪಾಠ ಬಂದರೆ ನಾನೇ ಎದ್ದು ಪ್ರಶ್ನೆ ಕೇಳುತ್ತೇನೆ. ಗಣಿತದ ಬೇಸರ ಮಾತ್ರ ಹಾಗೇ ಇದೆ. ಬರೀ ಸರ್ಟಿಫಿಕೇಟ್ ಸಾಕು ಅನ್ನೋರಿಗೆ ಈ ಜಾಗ ಬೇಡ. ಹೋಗೋದಾದರೆ ಸೇಫ್ಟಿ ಶೂ ನೀವೇ ಒಯ್ಯಿರಿ, ಅಲ್ಲಿ ಕೊಡುವುದಿಲ್ಲ.